ಕಡಲಿನ ಗಾಳಿ ಒಳನಾಡಿಗೂ ಬರುತ್ತದೆ
(ಸದಸ್ಯರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಚಂಡಮಾರುತವೆಂದರೆ ಕಡಲತೀರದವರ ಪಾಡು ಎಂದು ನಾವು ನೀವು ನೆಮ್ಮದಿಯಾಗಿರುತ್ತೇವೆ. ಅಮೆರಿಕದ ಷಾರ್ಲಟ್ ನಗರದವರೂ ಹಾಗೆಯೇ ಇದ್ದರು. ಕಡಲು ಅಲ್ಲಿಂದ ಸುಮಾರು 300 ಕಿ.ಮೀ. ದೂರ. 1989ರ ಸೆಪ್ಟೆಂಬರ್ 22ರಂದು ನಡುರಾತ್ರಿ ‘ಹ್ಯೂಗೊ’ ಚಂಡಮಾರುತ ಚಾರ್ಲ್ಸ್‌ಟನ್ ಬಳಿ ದಡ ಹತ್ತಿತು. ಬೆಳಗಾಗುವ ಹೊತ್ತಿಗೆ ಷಾರ್ಲಟ್‌ನಲ್ಲಿ ಗಂಟೆಗೆ ಸುಮಾರು 140 ಕಿ.ಮೀ. ವೇಗದ ಬೀಸುಗಾಳಿ!

ನೆಲಕ್ಕೆ ಬಂದ ಚಂಡಮಾರುತಕ್ಕೆ ಕಡಲಿನ ಬೆಚ್ಚನೆಯ ನೀರಿನ ಆಸರೆ ತಪ್ಪುತ್ತದೆ, ಗಂಟೆಗಂಟೆಗೂ ಸೊರಗುತ್ತದೆ. ಆದರೆ ಹ್ಯೂಗೊ ಗಂಟೆಗೆ 40 ಕಿ.ಮೀ.ಗೂ ಮೀರಿ ಒಳನಾಡಿಗೆ ನುಗ್ಗಿದ್ದರಿಂದ ಸೊರಗಲು ಸಮಯವೇ ಸಾಲಲಿಲ್ಲ. ಎಲೆ ತುಂಬಿದ ದೊಡ್ಡ ದೊಡ್ಡ ಮರಗಳು ಬೇರುಸಮೇತ ಮಗುಚಿ ಮನೆಗಳ ಮೇಲೆ, ವಿದ್ಯುತ್ ತಂತಿಗಳ ಮೇಲೆ ಬಿದ್ದವು. ಗಾಳಿಯೇನೋ ಕೆಲವೇ ಗಂಟೆಗಳಲ್ಲಿ ದಾಟಿಹೋಯಿತು. ಕೆಲವು ಬಡಾವಣೆಗಳಿಗೆ ಕರೆಂಟು ಬರಲು ಎರಡು ವಾರ ಹಿಡಿಯಿತು.

ಹಾಲಿನವರಾದ ನಮಗೆ ತಟ್ಟುವುದು ಈ ಮಾತೇ. ಕರೆದ ಹಾಲನ್ನು 4 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸದಿದ್ದರೆ ಬೇಸಿಗೆಯಲ್ಲಿ ಕೆಲವೇ ಗಂಟೆಗಳಲ್ಲಿ ಕೆಡುತ್ತದೆ. ಕರೆಂಟು ಬರಲಿ ಎಂದು ಹಸು ಕಾಯುವುದಿಲ್ಲವಷ್ಟೆ! ನಮ್ಮ ಕಡೆ ಮುಂಗಾರಿಗೆ ಮುಂಚೆ ಬೀಸುವ ಬಿರುಗಾಳಿ ಹ್ಯೂಗೊವಿನಂಥದ್ದಲ್ಲ; ಆದರೂ ಕೊಟ್ಟಿಗೆಯ ತಗಡು ಹಾರಿಸಲು, ಕಂಬ ಬೀಳಿಸಲು ಅಷ್ಟೇ ಸಾಕು. ಸಂಘದಲ್ಲಿ ಹಾಲು ಶೀತಲೀಕರಣ ಘಟಕವಿದ್ದರೆ ಅದರ ಜನರೇಟರನ್ನು ಆಗಾಗ ಓಡಿಸಿ ನೋಡಿರಿ; ಡೀಸೆಲ್ ಎಷ್ಟಿದೆಯೆಂದು ಕಾರ್ಯದರ್ಶಿಯವರನ್ನು ಕೇಳಿರಿ. ಕೊಟ್ಟಿಗೆಯ ಮೇಲೆ ಬಾಗಿದ ಕೊಂಬೆಗಳನ್ನು ಏಪ್ರಿಲ್‌ಗೆ ಮೊದಲೇ ಕಡಿಸಿರಿ. ಗಾಳಿ ಎದ್ದಾಗ ರಾಸುಗಳನ್ನು ಮರದ ಕೆಳಗೆ ಕಟ್ಟಬೇಡಿರಿ.