ಅಡಗಿದ ಗುಣ

ಹಿರಿಯೂರಿನ ಯಾವ ಮನೆಯಲ್ಲೇ ಆಗಲಿ, ಕೂಸು ಹುಟ್ಟಿದೊಡನೆ ನಡೆಯುವ ಚರ್ಚೆ ಒಂದೇ: ಮೂಗು ಅಜ್ಜಿಯದು, ಹಣೆ ಅಪ್ಪನದು, ಬಣ್ಣ ಸೋದರಮಾವನದು. ಶಾಲೆಯ ಪುಸ್ತಕ ಇದನ್ನೇ ‘ಅನುವಂಶೀಯತೆ’ ಎನ್ನುತ್ತದೆ. ಹೆಸರಿಗೆ ಹತ್ತನೆಯ ತರಗತಿಯ ಮಕ್ಕಳು ಬೆದರಬೇಕಾಗಿಲ್ಲ. ವಂಶದಲ್ಲಿ ಹರಿದುಬರುವುದು ಎಂದಷ್ಟೇ ಅರ್ಥ. ಗುಣವನ್ನು ಹೊತ್ತು ತರುವುದು ವಂಶವಾಹಿ, ಎಂದರೆ ಜೀನ್. ಅದು ತಾಯಿಯಿಂದ ಒಂದು, ತಂದೆಯಿಂದ ಒಂದು, ಹೀಗೆ ಜೋಡಿಯಾಗಿ ಬರುತ್ತದೆ.

ತೊಡಕಿರುವುದು ‘ಪ್ರಬಲ’, ‘ದುರ್ಬಲ’ ಎಂಬ ಮಾತುಗಳಲ್ಲಿ. ಪ್ರಬಲವೆಂದರೆ ಒಳ್ಳೆಯದು, ದುರ್ಬಲವೆಂದರೆ ಸೋತು ಅಳಿದುಹೋದದ್ದು ಎಂದು ಅನೇಕರು ತಿಳಿಯುತ್ತಾರೆ. ಹಾಗಲ್ಲ. ಬ್ರನೋ ನಗರದ ಮಠದಲ್ಲಿ ಬಟಾಣಿ ಬೆಳೆದ ಗ್ರೆಗರ್ ಮೆಂಡೆಲ್ ತನ್ನ ಫಲಿತಾಂಶಗಳನ್ನು 1866ರಲ್ಲಿ ಪ್ರಕಟಿಸಿದನು. ಎತ್ತರದ ಗಿಡಕ್ಕೂ ಗಿಡ್ಡ ಗಿಡಕ್ಕೂ ಸಂಕರ ಮಾಡಿದಾಗ ಮೊದಲ ಪೀಳಿಗೆಯೆಲ್ಲ ಎತ್ತರವೇ. ಅವುಗಳ ಬೀಜ ಬಿತ್ತಿದಾಗ 787 ಎತ್ತರದ ಗಿಡ, 277 ಗಿಡ್ಡ ಗಿಡ, ಹೆಚ್ಚುಕಡಮೆ ಮೂರಕ್ಕೊಂದು. ಗಿಡ್ಡತನ ಸತ್ತಿರಲಿಲ್ಲ, ಮರೆಯಲ್ಲಿತ್ತು. ದುರ್ಬಲ ಎಂಬಲ್ಲಿ ‘ಅಡಗಿದ’ ಎಂದು ಓದಿಕೊಂಡರೆ ಪಾಠ ತಾನಾಗಿ ತಿಳಿಯುತ್ತದೆ.

ನಮ್ಮ ರೈತರಿಗೆ ಇದು ಹೊಸತಲ್ಲ. ಹೈಬ್ರಿಡ್ ಮೆಕ್ಕೆಜೋಳದ ಕಾಳನ್ನೇ ಬಿತ್ತನೆಗೆ ಇಟ್ಟುಕೊಂಡರೆ ಮರುವರ್ಷ ಪೈರು ಒಂದೇ ಸಮನಾಗಿ ಬಾರದು. ಅಡಗಿದ್ದ ಗುಣಗಳು ಹೊರಬರುತ್ತವೆ.

ಹೊಲದಲ್ಲಿ ಇದು ಇಳುವರಿಯ ಮಾತು. ಮನೆಯಲ್ಲಿ ಮಕ್ಕಳ ಆರೋಗ್ಯದ ಮಾತು. ಥಲಸ್ಸೀಮಿಯಾ ಎಂಬ ರಕ್ತದ ಕಾಯಿಲೆಯನ್ನು ನೋಡಿ. ಅದರ ಒಂದೇ ವಂಶವಾಹಿ ಉಳ್ಳವರು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ. ಅಂಥ ಇಬ್ಬರು ದಂಪತಿಗಳಾದರೆ ಪ್ರತಿಯೊಂದು ಮಗುವಿಗೂ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ಮೊದಲ ಮಗುವಿಗೆ ಬಂದಿತು, ಇನ್ನು ಮೂರು ಮಕ್ಕಳು ಕ್ಷೇಮ ಎಂಬ ಲೆಕ್ಕವಲ್ಲ. ಪ್ರತಿ ಹೆರಿಗೆಗೂ ಲೆಕ್ಕ ಹೊಸದು. ಸೊಸೆಯನ್ನು ದೂರುವುದಂತೂ ಅನ್ಯಾಯ, ಇದರಲ್ಲಿ ತಂದೆತಾಯಿಗಳ ಪಾಲು ಸಮಸಮ.

ಅಕ್ಕನ ಮಗಳನ್ನೋ ಸೋದರತ್ತೆಯ ಮಗಳನ್ನೋ ತಂದುಕೊಳ್ಳುವುದು ನಮ್ಮ ಸೀಮೆಯ ಹಳೆಯ ರೂಢಿ. ರಕ್ತಸಂಬಂಧಿಗಳಲ್ಲಿ ಒಂದೇ ಅಡಗಿದ ವಂಶವಾಹಿ ಇಬ್ಬರಲ್ಲೂ ಇರುವ ಸಂಭವ ಹೊರಗಿನವರಿಗಿಂತ ಹೆಚ್ಚು. ಇಂಥ ಮದುವೆಯ ಮಕ್ಕಳೆಲ್ಲ ರೋಗಿಗಳಾಗುತ್ತಾರೆಂದಲ್ಲ. ಬಹುಪಾಲು ಮಕ್ಕಳು ಚೆನ್ನಾಗಿಯೇ ಇರುತ್ತಾರೆ. ಆದರೂ ಮನೆತನದಲ್ಲಿ ಇಂಥ ಕಾಯಿಲೆ ಕಂಡಿದ್ದರೆ ಲಗ್ನ ನಿಶ್ಚಯಿಸುವ ಮೊದಲು ವೈದ್ಯರನ್ನು ಕೇಳುವುದು ವಿವೇಕ. ಥಲಸ್ಸೀಮಿಯಾದ ವಂಶವಾಹಿಯನ್ನು ರಕ್ತಪರೀಕ್ಷೆಯಿಂದ ತಿಳಿಯಬಹುದು.

ಜಾತಕ ನೋಡುವಾಗ ಮನೆಯ ಮಗನೋ ಮಗಳೋ ಈ ಪಾಠದ ಮಾತೆತ್ತಿದರೆ, ದೊಡ್ಡವರು ಗದರಿಸದೆ ಕೇಳಬೇಕು. ಪರೀಕ್ಷೆಗೆಂದು ಕಲಿತ ನಾಲ್ಕು ಪದಗಳು ಒಂದು ಮಗುವಿನ ಬಾಳಿಗೆ ಒದಗಿಯಾವು.