ಸೆರೆಮನೆಯೂ ಮಾನವಧರ್ಮವೂ

(ಮಹೋತ್ಸವದ ಧರ್ಮಸಭೆಯಲ್ಲಿ ನಡೆದ ಉಪನ್ಯಾಸ)



ತಪ್ಪು ಮಾಡಿದವನಿಗೆ ದಂಡನೆಯಾಗತಕ್ಕದ್ದೆಂಬುದು ಸರ್ವಸಮ್ಮತವಾದ ಮಾತು. ಆದರೆ ಆ ದಂಡನೆಯ ಗುರಿಯಾವುದು? ನೊಂದವರ ಕೋಪವನ್ನು ತಣಿಸುವುದೇ? ಇತರರಿಗೆ ಭಯ ಹುಟ್ಟಿಸುವುದೇ? ಅಥವಾ ಕೆಟ್ಟವನನ್ನು ತಿದ್ದಿ ಮರಳಿ ಸಮಾಜಕ್ಕೊಪ್ಪಿಸುವುದೇ? ಸೆರೆಗೆ ಹೋದವರಲ್ಲಿ ಬಹುಮಂದಿ ಒಂದಿಲ್ಲೊಂದು ದಿನ ಹೊರಗೆ ಬರತಕ್ಕವರೇ ಆಗಿದ್ದಾರೆ. ಅವರು ಎಂಥವರಾಗಿ ಬರುವರೆಂಬುದು, ಒಳಗೆ ಅವರನ್ನು ನಡೆಯಿಸಿಕೊಂಡ ರೀತಿಯನ್ನು ಬಹುಮಟ್ಟಿಗೆ ಅವಲಂಬಿಸಿದೆ. ಆದಕಾರಣ ಇದು ಸರಕಾರವೊಂದರ ವಿಷಯವಲ್ಲ, ಊರೂರಿನ ವಿಷಯವು.

ಇದಕ್ಕೆ ಉತ್ತಮ ನಿದರ್ಶನವೊಂದು ನೆರೆನಾಡಿನಲ್ಲಿಯೇ ಉಂಟು. ಇಂದು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯಲ್ಲಿರುವ ಆಟಪಾಡಿಯು ಹಿಂದೆ ಔಂಧ ಸಂಸ್ಥಾನಕ್ಕೆ ಸೇರಿದ್ದಿತು. ಸಂಸ್ಥಾನಾಧಿಪತಿಗಳಾದ ಭವಾನರಾವ್ ಪಂತಪ್ರತಿನಿಧಿಯವರು 1939ರಲ್ಲಿ ಅದರ ಬಳಿ ಸ್ವತಂತ್ರಪುರವೆಂಬ ಬಂದಿಗಳ ವಸತಿಯನ್ನು ನೆಲೆಗೊಳಿಸಿದರು. ಈ ಕಾರ್ಯಕ್ಕೆ ಪ್ರೇರಕರಾದವರು ಪೋಲೆಂಡ್ ದೇಶದಲ್ಲಿ ಜನಿಸಿದ ಯಂತ್ರಶಾಸ್ತ್ರಜ್ಞ ಮಾರಿಸ್ ಫ್ರೀಡ್‌ಮನ್ನರು. ಇವರು ಅದಕ್ಕೆ ಮೊದಲು ಬೆಂಗಳೂರಿನಲ್ಲಿ ಮೈಸೂರು ಸರಕಾರದ ವಿದ್ಯುತ್ ಕಾರ್ಖಾನೆಯನ್ನು ನಡೆಸಿದವರು, ಕಾವಿಯನ್ನುಟ್ಟು ಭಾರತಾನಂದರೆನಿಸಿದವರು. ಸ್ವತಂತ್ರಪುರದಲ್ಲಿ ಬಂದಿಗಳನ್ನು ಸುತ್ತುವರಿಯುವ ಕೋಟೆಗೋಡೆಯಿರಲಿಲ್ಲ. ಅವರು ಹೆಂಡಿರು ಮಕ್ಕಳೊಡನೆ ವಾಸಿಸಿ, ಹೊಲ ಗೆಯ್ದು ಬಾಳಿದರು. ತಮ್ಮ ಮೇಲೆ ಇಟ್ಟ ನಂಬಿಕೆಯೇ ಅವರಿಗೆ ಬೇಲಿಯಾಯಿತು. ವಿ. ಶಾಂತಾರಾಮರು 1957ರಲ್ಲಿ ತೆಗೆದ ‘ದೋ ಆಂಖೇ ಬಾರಹ್ ಹಾಥ್’ ಎಂಬ ಚಲಚ್ಚಿತ್ರಕ್ಕೆ ಈ ಪ್ರಯೋಗವೇ ಮೂಲವು.

“ಹೀಗೆ ದಯೆ ತೋರಿದರೆ ನೊಂದವರಿಗೆ ಅನ್ಯಾಯವಾಗದೇ?” ಎಂದು ಕೆಲವರು ಕೇಳಬಹುದು. ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಬಿಡಲಾಗದು. ಆದರೆ ನ್ಯಾಯಾಧೀಶನು ವಿಧಿಸಿದುದು ಸ್ವಾತಂತ್ರ್ಯದ ನಷ್ಟವನ್ನು ಮಾತ್ರ. ಹಸಿವು, ಹೊಡೆತ, ರೋಗ, ಅವಮಾನಗಳು ಆ ತೀರ್ಪಿನಲ್ಲಿ ಬರೆದಿರುವುದಿಲ್ಲ. ಅವುಗಳಿಂದ ನೊಂದವರ ಕಣ್ಣೀರು ಒರೆಸಿದಂತಾಗದು. ಅಪರಾಧಿಯ ಹೃದಯವು ಮಾತ್ರ ಮತ್ತಷ್ಟು ಕಲ್ಲಾಗುವುದು. ಇದಲ್ಲದೆ, 2022ರ ಸರಕಾರಿ ಲೆಕ್ಕದಂತೆ ಭಾರತದ ಸೆರೆಮನೆಗಳಲ್ಲಿದ್ದ ನಾಲ್ವರಲ್ಲಿ ಮೂವರು ವಿಚಾರಣೆಯು ಇನ್ನೂ ಮುಗಿಯದವರು. ಅಪರಾಧವು ಸಿದ್ಧವಾಗುವ ಮೊದಲೇ ಶಿಕ್ಷೆಯನ್ನನುಭವಿಸುವುದು ಯಾವ ನ್ಯಾಯವು?

ಬೆಂಗಳೂರಿನ ಕೇಂದ್ರ ಕಾರಾಗೃಹದ ಬಂದಿಯೊಬ್ಬನು ಸರ್ವೋಚ್ಚ ನ್ಯಾಯಾಲಯಕ್ಕೆ ಬರೆದ ಪತ್ರವೇ ಒಂದು ಮೊಕದ್ದಮೆಯಾಗಿ, 1996ರಲ್ಲಿ ತೀರ್ಪು ಹೊರಬಿದ್ದಿತು. ಕಿಕ್ಕಿರಿದ ಕೋಣೆಗಳು, ವಿಚಾರಣೆಯ ವಿಳಂಬ, ಹಿಂಸೆ, ಆರೋಗ್ಯದ ಅಲಕ್ಷ್ಯ ಮೊದಲಾದ ಒಂಬತ್ತು ದೋಷಗಳನ್ನು ನ್ಯಾಯಾಲಯವು ಎಣಿಸಿ, 1894ರ ಹಳೆಯ ಕಾಯಿದೆಯ ಬದಲು ಹೊಸದನ್ನು ರಚಿಸುವ ಅಗತ್ಯವನ್ನು ಎತ್ತಿ ಹೇಳಿತು. ಒಬ್ಬ ಬಂದಿಯ ಲೇಖನಿಗೆ ಇಷ್ಟು ಬಲವಿದ್ದಿತು!

ಮತ್ತೊಂದು ಕಳಂಕವು ತೀರ ಈಚಿನವರೆಗೂ ಉಳಿದಿದ್ದಿತು. ಹಲವು ರಾಜ್ಯಗಳ ಸೆರೆಮನೆಯ ನಿಯಮಗಳಲ್ಲಿ ಅಡಿಗೆಯ ಕೆಲಸ ಮೇಲಿನ ಜಾತಿಯವರಿಗೆ, ಕಸಗುಡಿಸುವ ಕೆಲಸ ಕೆಳಗಿನವರೆನಿಸಿದವರಿಗೆ ಎಂಬ ಭೇದವು ಬರೆದೇ ಇದ್ದಿತು. 2024ರ ಅಕ್ಟೋಬರ್ 3ರಂದು ಸರ್ವೋಚ್ಚ ನ್ಯಾಯಾಲಯವು ಅಂಥ ನಿಯಮಗಳನ್ನು ರದ್ದುಗೊಳಿಸಿ, ಬಂದಿಗಳ ದಾಖಲೆಯಲ್ಲಿ ಜಾತಿಯ ಅಂಕಣವನ್ನೇ ತೆಗೆದುಹಾಕಬೇಕೆಂದು ಆಜ್ಞಾಪಿಸಿತು. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಎಂಟು ಶತಮಾನಗಳ ಹಿಂದೆಯೇ ಕೇಳಿದ ನಾಡಿಗೆ ಈ ಆಜ್ಞೆಯು ಹೊಸದಾಗಿ ತೋರಲಾರದು. ಇಷ್ಟು ತಡವಾಗಿ ಬಂದಿತೆಂಬುದೇ ಸಂಕಟದ ವಿಷಯವು.

ಆದರೆ ಕಾಯಿದೆಯು ಸೆರೆಮನೆಯ ಬಾಗಿಲವರೆಗೆ ಮಾತ್ರ ಬರಬಲ್ಲದು. ಬಿಡುಗಡೆಯಾದವನು ಊರಿಗೆ ಬಂದಾಗ ಬಾಡಿಗೆಗೆ ಮನೆ ದೊರೆಯದೆ, ಕೂಲಿಗೆ ಕರೆಯುವವರಿಲ್ಲದೆ, ಅವನ ಮಕ್ಕಳೊಡನೆ ಆಡುವವರಿಲ್ಲದೆ ಹೋದರೆ, ಅವನ ಎರಡನೆಯ ಸೆರೆವಾಸವು ಅಲ್ಲಿಂದಲೇ ಆರಂಭವಾಗುವುದು. ದಾಸೋಹದ ಪಂಕ್ತಿಯಲ್ಲಿ ಕುಳಿತವನನ್ನು “ನೀನಾರು?” ಎಂದು ಯಾರೂ ಕೇಳುವುದಿಲ್ಲ. ಪಂಕ್ತಿಯಿಂದ ಎದ್ದ ಮೇಲೆ ಅವನ ಕೈಗೊಂದು ಕಾಯಕವನ್ನೂ ಕೊಡುವ ಧೈರ್ಯವು ಭಕ್ತರಲ್ಲಿ ಮೂಡಲಿ. ಹಾಗೆ ಕೊಟ್ಟ ಮನೆಯೊಂದು ಪ್ರತಿ ಊರಿನಲ್ಲಿ ದೊರೆತರೆ ಈ ಮಹೋತ್ಸವವು ಸಾರ್ಥಕವು.