ಪಿಯಾನೋ ಇಲ್ಲದ ಜಾಝ್

ಬಿಳೇಕಹಳ್ಳಿಯ ಕೇಳುಗರೇ, ಬನ್ನೇರುಘಟ್ಟ ರಸ್ತೆಯ ಹಾರ್ನುಗಳು ಶುರುವಾಗುವ ಮುನ್ನ ಒಂದು ಆಲ್ಬಮ್‌ನ ಮಾತು. ‘ಜ್ಯೋತಿ’, 1983. ಬಾಸ್ಟನ್ನಿನ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ನಮ್ಮ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜತೆ ನುಡಿಸಿದ್ದು. ಟಿ.ಎ.ಎಸ್. ಮಣಿಯವರ ಮೃದಂಗ, ಆರ್.ಎ. ರಮಾಮಣಿಯವರ ಗಾಯನ, ಜೊತೆಗೆ ಘಟ, ಖಂಜಿರ.

1963ರಲ್ಲಿ ಜಾಝ್ ಬಾಸ್ ವಾದಕ ಚಾರ್ಲ್ಸ್ ಮಿಂಗಸ್ ತಂಡದಲ್ಲಿ ನುಡಿಸಿದ್ದ ಮರಿಯಾನೊ ಅವರಿಗೆ ಇಲ್ಲಿ ಪಿಯಾನೋ ಇಲ್ಲ, ಡ್ರಮ್ಸ್ ಇಲ್ಲ. ತಂಬೂರಿಯ ಶ್ರುತಿಯೇ ಆಸರೆ. ಜಾಝ್ ವಾದಕನಿಗೆ ಇದು ಕಷ್ಟದ ಜಾಗ. ಹೀಗೆ ಎರಡು ಸಂಗೀತಗಳನ್ನು ಬೆರೆಸುವ ಫ್ಯೂಷನ್ ಎಂದರೆ ಮೂಗು ಮುರಿಯುವವರಿದ್ದಾರೆ. ಎಷ್ಟೋ ಸಲ ಅದು ನ್ಯಾಯವೇ. ಆದರೆ ಈ ಅತಿಥಿ ಬಾಯಲ್ಲೇ ಲಯ ನುಡಿಯುವ ಕೊನ್ನಕ್ಕೋಲಿನ ತಕಧಿಮಿಗೆ ಮೊದಲು ಕಿವಿಗೊಡುತ್ತಾರೆ, ಆಮೇಲೆ ಊದುತ್ತಾರೆ. ಆಫೀಸಿಗೆ ಹೊರಟ ಬಸ್ಸಿನಲ್ಲೇ ಕೇಳಿ ನೋಡಿ. ಕೈ ತಾನಾಗಿ ತೊಡೆಯ ಮೇಲೆ ತಾಳ ಹಾಕಿದರೆ ಪಕ್ಕದವರು ಏನಂದುಕೊಂಡಾರೋ, ಇರಲಿ ಬಿಡಿ.